ಸೊಂಟ ಹಿಡಿದ ಕಾರಣ

ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತ ಗಡಿಯಾರ ರಿಪೇರಿಯವನಿಗೆ ಪರರ ಮಾತಿಗೆ ಕಿವಿಗೊಡುವ ಚಟವೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಕೂತವನೂ ಅವನ ಗೆಳೆಯ ಜೀವಶಾಸ್ತ್ರದ ಮೇಷ್ಟ್ರೂ ಪಿಸುಮಾತನ್ನೇ ಗಟ್ಟಿಯಾಗಿ ಆಡುತ್ತಿದ್ದರು.

“ಆಫೀಸಿಗೆ ಹೊಸದಾಗಿ ಬಂದವಳ ಬೀರು ಎತ್ತೋಕೆ ಹೋಗಿದ್ಯಂತೆ?” ಎಂದರು ಮೇಷ್ಟ್ರು.

“ಪಾಪ, ಒಬ್ಬಳೇ ತಳ್ತಿದ್ಳು ಮಾರಾಯ.”

“ಪಾಪಾನೂ ಇಲ್ಲ, ಪುಣ್ಯಾನೂ ಇಲ್ಲ. ಗಂಡು ನವಿಲು ಗರಿ ಬಿಚ್ಚುತ್ತೆ, ನೀನು ಬೀರು ಎತ್ತಿದೆ.”

“ಹಾಗಾದ್ರೆ ತಪ್ಪು ನಂದಲ್ಲ, ಜೀವಶಾಸ್ತ್ರದ್ದು!”

“ಮನೇಲಿ ನೀರಿನ ಕ್ಯಾನು ಯಾರು ಎತ್ತೋದು?”

“ನನ್ನ ಹೆಂಡ್ತಿ.”

“ಅಲ್ಲೇನು ಜೀವಶಾಸ್ತ್ರಕ್ಕೆ ರಜಾನಾ?”

“ಅದಿರಲಿ ಕಣೋ. ಅವಳು ಎತ್ತೋಕೆ ಹೇಳಿದ್ದ ಟ್ರಂಕಿನಿಂದ ಹೀಗಾಯ್ತು ಅಂತ ಅವಳ ಹತ್ರ ಅಂದುಬಿಟ್ಟಿದ್ದೀನಿ. ‘ನಾನೇ ಹೇಳಬಾರದಿತ್ತು’ ಅಂತ ಎರಡು ದಿನದಿಂದ ಅಳ್ತಿದ್ದಾಳೆ.”

ರಿಪೇರಿಯವನು ಗೋಡೆಯ ಮೇಲೆ ನಿಂತೇಹೋಗಿದ್ದ ಗಡಿಯಾರ ನೋಡಿದ.

ಅಷ್ಟರಲ್ಲಿ ಸೊಂಟ ಹಿಡಿದವನ ಹೆಂಡತಿ ಎಕ್ಸ್‌ರೇ ಹಿಡಿದು ಬಂದಳು. ಗಂಡನ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡು, ಬಾಗಿಲನ್ನು ಅವನಿಗಾಗಿ ತೆರೆದು ಹಿಡಿದಳು. ಅವನು ತಲೆ ತಗ್ಗಿಸಿ ದಾಟಿದ.

“ನಿಧಾನ ಕಣ್ರೀ,” ಎಂದಳು. “ಇನ್ಮೇಲೆ ಟ್ರಂಕೂ ನಾನೇ ಎತ್ಕೋತೀನಿ.”