ಕ್ಲಚ್ಚಿಗೆ ಕೂರಿಸಿದ ಬಿರಡೆ

ಊಟ ಆಗಿದೆ ತಾನೇ ಎಲ್ಲರದ್ದೂ? ಆಗದಿದ್ದವರು ಎದ್ದು ಹೋಗಿ ಉಂಡು ಬನ್ನಿ. ಇದನ್ನ ಕೇಳಿದ ಮೇಲೆ ಗಂಟಲಲ್ಲಿ ತುತ್ತು ಇಳಿಯಲ್ಲ. ಗಿಣ್ಣು ಅಂದ್ರೆ ಈ ಪುಟ್ಟಕ್ಕ ಯಾಕೆ ಮುಖ ಸಿಂಡರಿಸ್ತಾಳೆ ಅಂತ ಕೇಳ್ತಿದ್ರಲ್ಲ... ಇದಕ್ಕೇ. ಆ ದೀಪ ಸ್ವಲ್ಪ ಸಣ್ಣ ಮಾಡಿ.

ಗುಡ್ಡಪ್ಪ ನನ್ನ ಚಿಕ್ಕಪ್ಪನ ಮಗ. ಐಮಂಗಲದ ಹತ್ರ ಹೈವೇ ಪಕ್ಕ ತಗಡಿನ ಶೆಡ್ಡು ಹಾಕ್ಕೊಂಡು ಮೋಟಾರ್ ಸೈಕಲ್ ರಿಪೇರಿ ಮಾಡ್ತಿದ್ದ. ಕೆಲಸದಲ್ಲಿ ಗಟ್ಟಿಗ, ಸುಳ್ಳು ಹೇಳಲ್ಲ. ಆದರೆ ಕೊಳಕ ಅಂದ್ರೆ ಕೊಳಕ. ಗ್ರೀಸಿನ ಕೈಯಲ್ಲೇ ಮುದ್ದೆ ಮುರಿಯೋನು. ಉಗುರಲ್ಲಿ ಕರಿ, ಕಿವಿಯಲ್ಲಿ ಕರಿ. "ಲೇ, ಸೋಪು ಅಂತ ಒಂದು ವಸ್ತು ಐತೆ ಕಣೋ ಲೋಕದಾಗೆ" ಅಂದ್ರೆ ಹಲ್ಲು ಕಿರಿಯೋನು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ.

ಎಪ್ಪತ್ತೈದನೇ ಇಸವಿ, ಮುಂಗಾರು ಶುರುವಾಗಿತ್ತು. ನಾನು ಅವನ ಮನೆಯಲ್ಲಿದ್ದೆ. ಅವನ ಹೆಂಡತಿ ಯಲ್ಲಕ್ಕ ತುಂಬು ಬಸುರಿ. ತವರಲ್ಲಿ ಎರಡು ಕೂಸು ಹೆತ್ತು, ಎರಡನ್ನೂ ಮಣ್ಣು ಮಾಡಿದ್ದಳು. ಈ ಸಲ ತವರು ಬೇಡ ಅಂತ ಇಲ್ಲೇ ಉಳಿಸಿಕೊಂಡು, ಬಾಣಂತನಕ್ಕೆ ನನ್ನನ್ನ ಕರೆಸಿದ್ರು. ರಾತ್ರಿ ಆ ಹುಡುಗಿ ನನ್ನ ಕೈ ಹಿಡ್ಕೊಂಡು ಕೇಳೋಳು...

"ಅತ್ತಿಗೆ, ಇದಾದ್ರೂ ಉಳೀತೈತಾ?"

"ಉಳೀತೈತೆ, ಮಲಕ್ಕೋ" ಅನ್ನೋಳು ನಾನು. ಬೇರೆ ಏನು ಹೇಳಲಿ?

ಅದೇ ಹೊತ್ತಿಗೆ ಭೀಮಸಮುದ್ರದ ಅಡಿಕೆ ವ್ಯಾಪಾರಿ ಶಿವಕುಮಾರಪ್ಪ ಒಂದು ಗಾಡಿ ತಂದು ಶೆಡ್ಡಿಗೆ ಹಾಕಿದ್ರು. ಯುದ್ಧದ ಕಾಲದ ಗಾಡಿ, ಅವರಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ಅಪ್ಪ ಸತ್ತ ಮೇಲೆ ಹನ್ನೆರಡು ವರ್ಷ ಮೂಲೆಯಲ್ಲಿ ಬಿದ್ದಿತ್ತಂತೆ. ಸೀಟಿನೊಳಗೆ ಕೋಳಿ ಮೊಟ್ಟೆ ಇಟ್ಟು ಕೊಳೆಸಿತ್ತು. ಟ್ಯಾಂಕಿನೊಳಗೆ ಹಲ್ಲಿ ಸತ್ತು ಅಂಟಿಕೊಂಡಿತ್ತು. ಗುಡ್ಡಪ್ಪ ಅದನ್ನ ಬೆರಳಲ್ಲೇ ಕೆರೆದು ತೆಗೆದ. ಥೂ!

ಎಲ್ಲ ಸರಿಹೋಯ್ತು, ಕ್ಲಚ್ಚು ಉಳೀತು. ಎಂಜಿನ್ನು ಒದರುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಆ ಕಾಲದ ಕ್ಲಚ್ ಪ್ಲೇಟುಗಳಲ್ಲಿ ಸುತ್ತಲೂ ತೂತು ಇರ್ತಿದ್ವು, ಒಂದೊಂದು ತೂತಿಗೂ ಒಂದೊಂದು ಕಾರ್ಕಿನ ತುಂಡು. ಆ ಕಾರ್ಕೇ ಹಿಡಿತ. ಅದು ಸವೆದರೆ ಎಲ್ಲ ಜಾರುತ್ತೆ. ಹೊಸ ಪ್ಲೇಟು ಬೆಂಗಳೂರಲ್ಲೂ ಸಿಗಲಿಲ್ಲ. ಇವನು ಬಾಟಲಿಗಳ ಬಿರಡೆ ಕೂಡಿಸೋಕೆ ಹತ್ತಿದ. ಆಸ್ಪತ್ರೆಯ ಕಾಂಪೌಂಡರ್ ಹತ್ರ, ಸಾರಾಯಿ ಅಂಗಡಿಯ ತಿಪ್ಪೆಯಲ್ಲಿ... ಬಿಸಿನೀರಲ್ಲಿ ನೆನೆಸಿ, ಕೊಯ್ದು, ತೂತಿಗೆ ಒತ್ತಿ, ಅರದಲ್ಲಿ ಉಜ್ಜಿ ಸಮ ಮಾಡೋನು. ಕೊನೆಗೆ ಮೂರೇ ಮೂರು ತುಂಡು ಕಮ್ಮಿ ಬಿತ್ತು.

ಅವತ್ತು ಶೆಡ್ಡಿನ ಬಾಗಿಲು ಹಾಕಿ ಮನೆ ಕಡೆ ಹೊರಟಾಗ ಹತ್ತು ಗಂಟೆ ದಾಟಿತ್ತಂತೆ. ದಾರಿ ನಡುವೆ ಒಂದು ಹಾಳು ಬಾವಿ, ಬಾವಿ ಪಕ್ಕ ಆಲದ ಮರ. ಆ ಮರದ ಬುಡಕ್ಕೆ ನಾಯಿ ಕೂಡ ಹೋಗಲ್ಲ. ಮೈಮೇಲೆ ಬಂದ ದೆವ್ವಗಳನ್ನ ಮಂತ್ರ ಹಾಕೋ ಮುನಿಯಪ್ಪ ಬಿಡಿಸಿ, ಸೀಸೆಯೊಳಗೆ ಕಟ್ಟಿ, ಬಿರಡೆ ಜಡಿದು ಅಲ್ಲೇ ಹೂಳ್ತಿದ್ದ. ಇದು ಊರಿನ ಹಸುಗೂಸಿಗೂ ಗೊತ್ತು. ಹಿಂದಿನ ರಾತ್ರಿಯ ಮಳೆಗೆ ಮಣ್ಣು ಕೊಚ್ಚಿ ಹೋಗಿತ್ತು. ಬ್ಯಾಟರಿ ಬೆಳಕಿಗೆ ಏನೋ ಮಿಂಚಿತು...

ಸೀಸೆಯ ಕತ್ತು. ಅಗಲ ಬಾಯಿ. ಅದಕ್ಕೆ ಮೂರು ಬೆರಳು ಅಗಲದ ಬಿರಡೆ. ಮೇಲೆ ಮೇಣ, ಕೆಂಪು ದಾರ.

ಬೇರೆ ಯಾರಾದ್ರೂ ಆಗಿದ್ರೆ ಹಿಂದೆ ತಿರುಗದೆ ಓಡ್ತಿದ್ರು. ಇವನಿಗೆ ಕಂಡದ್ದು ಕಾರ್ಕು ಮಾತ್ರ. ಕುಕ್ಕರಗಾಲಲ್ಲಿ ಕೂತು ದಾರ ಕಿತ್ತ. ಬಿರಡೆ ಅಲ್ಲಾಡಲಿಲ್ಲ. ಆಗ ಹಲ್ಲಲ್ಲಿ ಕಚ್ಚಿ ಎಳೆದ. ಹಲ್ಲಲ್ಲಿ ಕಣ್ರಪ್ಪಾ! ದೆವ್ವ ಕಟ್ಟಿದ ಬಿರಡೆಯನ್ನ!

'ಪೊಕ್' ಅಂತಂತೆ.

ಆಮೇಲೆ ಸೀಸೆಯೊಳಗಿಂದ ಒಂದು ಉಸಿರು... 'ಹಾ...' ಅಂತ. ತಲೆ ಮೇಲಿನ ಭಾರ ಇಳಿಸಿದವರು ಬಿಡ್ತಾರಲ್ಲ, ಹಂಗೆ. ಬೆಚ್ಚಗೆ ಅವನ ಮುಖಕ್ಕೆ ಬಡಿಯಿತು. ಒಳಗೆ ಒಂದು ಹಿಡಿ ಉದ್ದ ಕೂದಲು. ಅದರ ಕೆಳಗೆ ಬೆಳ್ಳಗೆ ಏನೋ ಹೆಪ್ಪುಗಟ್ಟಿ ಕೂತಿತ್ತು. ಆ ನಾತಕ್ಕೆ ಅಲ್ಲೇ ವಾಂತಿ ಮಾಡ್ಕೊಂಡ. ಮಾಡ್ಕೊಂಡು, ತೋಳಲ್ಲಿ ಬಾಯಿ ಒರೆಸಿ, ಬಿರಡೆ ಜೇಬಿಗೆ ಹಾಕ್ಕೊಂಡು ಮನೆಗೆ ಬಂದ. ಇದನ್ನೆಲ್ಲ ಅವನೇ ಆಮೇಲೆ ನನ್ನ ಹತ್ರ ಬಾಯಿಬಿಟ್ಟದ್ದು.

ಅವನು ಹೊಸ್ತಿಲು ದಾಟಿದ್ದೇ ಯಲ್ಲಕ್ಕ ಮೂಗು ಮುಚ್ಚಿದಳು.

"ಹಾಲು ಕೆಟ್ಟು ನಾರ್ತೈತೆ ಅತ್ತಿಗೆ..."

"ನಮ್ಮನ್ಯಾಗೆ ಹಾಲೆಲ್ಲೈತೆ ತಾಯಿ? ಎಮ್ಮೆ ಬತ್ತಿ ತಿಂಗಳಾತು."

ನನಗೂ ಮೂಗಿಗೆ ಬಡೀತಿತ್ತು. ಹೇಳಲಿಲ್ಲ ಅಷ್ಟೆ.

ಮಾರನೇ ದಿನ ಸಂಜೆ ಗಾಡಿ ಓಡಿಸ್ಕೊಂಡೇ ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿದ. ಮುಖದಲ್ಲಿ ಏನು ಜಂಬ! "ಎಂಥಾ ಹಿಡಿತ ಅಂತೀಯ ಅಕ್ಕ! ಮಾರಿಕಣಿವೆ ಏರನ್ನ ಟಾಪ್ ಗೇರ್‌ನಾಗೆ ಹತ್ತಿಸ್ದೆ. ನಾಳೆ ಶಿವಕುಮಾರಪ್ಪೋರು ಬಂದು ತಗೊಂಡು ಹೋಗ್ತಾರೆ" ಅಂದ. ನಾನು ಮೂಗಿಗೆ ಸೆರಗು ಹಿಡ್ಕೊಂಡೇ ಕೇಳಿದೆ. ಯಲ್ಲಕ್ಕ ಅವತ್ತು ಏನೂ ಉಣ್ಣಲಿಲ್ಲ. ಕುಡಿದ ನೀರೂ ವಾಂತಿ.

ನಡುರಾತ್ರಿ. ನನಗೆ ಎಚ್ಚರ ಆಯ್ತು.

ಚಪ್... ಚಪ್... ಚಪ್...

ನಾಯಿ ಪಾತ್ರೆ ನೆಕ್ತಿದೆ ಅಂದ್ಕೊಂಡೆ. ನಾಯಿ ಅಲ್ಲ. ನಾಲ್ಕು ಸಲ 'ಚಪ್', ಆಮೇಲೆ ತಡೆದು... 'ಗುಟುಕ್'. ಐದು ಮಕ್ಕಳನ್ನ ಹೆತ್ತು ಹಾಲೂಡಿಸಿದವಳು ನಾನು. ಆ ಸದ್ದು ನನಗೆ ಗೊತ್ತಿಲ್ವಾ? ಆದರೆ ಮನೆಯಲ್ಲಿ ಹಾಲು ಕುಡಿಯೋ ಕೂಸೇ ಇರಲಿಲ್ಲ.

ಲಾಟೀನು ಹಿಡಿದು ಅಂಗಳಕ್ಕೆ ಹೋದೆ. ಸದ್ದು ಗಾಡಿಯ ಕ್ಲಚ್ಚಿನ ಮುಚ್ಚಳದೊಳಗಿಂದ ಬರ್ತಿತ್ತು.

ಗುಡ್ಡಪ್ಪನ ಕೂದಲು ಹಿಡಿದು ಎಬ್ಬಿಸಿದೆ. "ಬಿಚ್ಚೋ ಅದನ್ನ."

"ಎಣ್ಣೆಗೆ ಪ್ಲೇಟು ಅಂಟಿ ಬಿಡ್ತಾವೆ ಅಕ್ಕ... ಅದರ ಸದ್ದು" ಅಂತ ಪಿಸುಗುಟ್ಟಿದ.

"ಬಿಚ್ಚು."

ಬಿಚ್ಚಿದ. ಸದ್ದು ನಿಂತಿತು. ಎಣ್ಣೆ ಹೊರಗೆ ಬಂತು... ಕರೀ ಎಣ್ಣೆ ಅಲ್ಲ. ಹಳದಿ ಬಿಳಿ, ಮಂದ, ದಾರದ ಹಾಗೆ ಎಳೆ ಎಳೆ. ಆಗಷ್ಟೇ ಈದ ಎಮ್ಮೆಯ ಗಿಣ್ಣು ಹಾಲು ಇರುತ್ತಲ್ಲ, ಅದೇ. ನಾತ ಮಾತ್ರ ನಾಲ್ಕು ದಿನ ಕೊಳೆತದ್ದರದು. ಅವನು "ನೀರು ಸೇರಿದ್ರೆ ಎಣ್ಣೆ ಹಿಂಗಾಗ್ತೈತೆ" ಅಂದ. ನಾನು ಪ್ಲೇಟಿಗೆ ದೀಪ ಹಿಡಿದೆ. ಎಲ್ಲ ಕಾರ್ಕುಗಳೂ ಕಪ್ಪಗಿದ್ವು. ಮೂರು ಮಾತ್ರ ಬೆಳ್ಳಗೆ, ಉಬ್ಬಿ, ಮೆತ್ತಗೆ ಒದ್ದೆಯಾಗಿದ್ವು. ಒಂದನ್ನ ಮುಟ್ಟಿದೆ.

ಬೆಚ್ಚಗಿತ್ತು.

ಕೈಯನ್ನ ಗೋಡೆಗೆ ಉಜ್ಜಿದೆ, ಮಣ್ಣಿಗೆ ಉಜ್ಜಿದೆ, ಆ ಜಿಡ್ಡು ಹೋಗಲೊಲ್ಲದು. ಆಗ ಬಾಯಿಬಿಟ್ಟ ನೋಡಿ ನಮ್ಮ ಪುಣ್ಯಾತ್ಮ... ಬಾವಿ, ಸೀಸೆ, ಹಲ್ಲು, ಆ ಒಂದೇ ಬಿರಡೆ ಕೊಯ್ದು ಮೂರು ತುಂಡು ಮಾಡಿ ಕೂರಿಸಿದ್ದು, ಎಲ್ಲ. ತಲೆಗೆ ಎರಡು ಬಿಟ್ಟೆ.

"ಬಸುರಿ ಹೆಂಡ್ತಿ ಮಲಗಿರೋ ಮನೆಗೆ ಏನು ತಂದಿದ್ದೀಯೋ ಪಾಪಿ! ಕಿತ್ತು ಹಾಕು."

"ಕಿತ್ರೆ ನಾಳೆ ಗಾಡಿ ಹೆಂಗೆ ಕೊಡ್ಲಿ ಅಕ್ಕ?"

"ಬೆಳಗಾಗ್ಲಿ, ಮುನಿಯಪ್ಪನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ಗಾಡಿ ಇಲ್ಲಿಂದ ಕದಲಬಾರ್ದು."

ಕೋಳಿ ಕೂಗೋ ಹೊತ್ತಿಗೇ ಹೊರಟೆ. ಮುನಿಯಪ್ಪ ಇದ್ದದ್ದು ಮೂರು ಮೈಲಿ ಆಚೆ, ಒಂದು ಹಟ್ಟಿಯಲ್ಲಿ. ನಾನು ಹೇಳಿದ್ದನ್ನ ಕೇಳಿ ಕ್ಯಾಕರಿಸಿ ಉಗಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ...

"ಅವ್ಳು ದುರುಗಕ್ಕ. ಹೆತ್ತ ಮೂರನೇ ದಿನಕ್ಕೆ ಸತ್ಲು. ಕೂಸಿಗೆ ಒಂದು ಹನಿ ಕುಡಿಸ್ಲಿಲ್ಲ. ಎದೆ ತುಂಬ್ಕೊಂಡೇ ಹೋದ್ಲು. ಎಲ್ಲಿ ಹಸುಗೂಸು ಐತೋ ಅಲ್ಲಿ ಹಾಲು ಕುಡಿಸಾಕೆ ಬರ್ತಾಳೆ."

"ಕೂಸನ್ನ ಕೊಲ್ತಾಳೇನಣ್ಣ?"

"ಇಲ್ಲ ತಾಯಿ. ಅವ್ಳ ಹಾಲು ಕುಡಿದ ಕೂಸು... ಹೆತ್ತೋಳ ಹಾಲು ಮುಟ್ಟಲ್ಲ." ಮತ್ತೆ ಅಂದ, "ಹೆರಿಗೆಗೆ ಮುಂಚೆ ಆ ತುಂಡು ತಂದ್ಕೊಡ್ರಿ. ಮತ್ತೆ ಕಟ್ತೀನಿ."

ಓಡ್ಕೊಂಡು ಬಂದೆ. ಅಂಗಳ ಖಾಲಿ. ಗಾಡಿ ನಿಂತಿದ್ದ ಜಾಗದಲ್ಲಿ ಒಂದು ಬೆಳ್ಳನೆ ಕಲೆ, ಮೇಲೆ ನೊಣ ಗುಯ್ ಅಂತಿದ್ವು. ಒಳಗೆ ಗುಡ್ಡಪ್ಪ ಮುದ್ದೆ ಮುರೀತಾ ಕೂತಿದ್ದ. ಅದೇ ಕೈಯಲ್ಲಿ.

"ಅವ್ರು ಬಂದ್ಬಿಟ್ರು ಅಕ್ಕ... ಅಪ್ಪನ ಗಾಡಿ ಅಂತ ಕಣ್ಣಾಗೆ ನೀರು ಹಾಕ್ಕೊಂಡ್ರು. ಮುಚ್ಚಳ ಹಾಕಿ ಕೊಟ್ಬಿಟ್ಟೆ."

ಅವನ ತಟ್ಟೆ ಎತ್ತಿ ಬೀದಿಗೆ ಎಸೆದೆ. ಅಷ್ಟು ಹೇಸಿಗೆ ನನಗೆ ಆ ಗಾಡಿ ಮೇಲೂ ಬಂದಿರಲಿಲ್ಲ.

ಈಗಲೇ ಭೀಮಸಮುದ್ರಕ್ಕೆ ಹೋಗು ಅಂತ ನೂಕಿದೆ. ಹೋದ. ಇತ್ತ ದೀಪ ಹಚ್ಚೋ ಹೊತ್ತಿಗೆ ಯಲ್ಲಕ್ಕನಿಗೆ ನೋವು ಶುರು. ಸೂಲಗಿತ್ತಿ ಬಂದಳು. ತುಂಬಾ ಹೊತ್ತಿಲ್ಲ, ಹೆಣ್ಣು ಕೂಸು ಹುಟ್ಟಿತು. ಜೀವ ಇತ್ತು! ಒಂದೇ ಸಲ ಗಟ್ಟಿಯಾಗಿ ಅತ್ತಿತು. ಮೊರದಲ್ಲಿ ಮಲಗಿಸಿ, ನಾವಿಬ್ಬರೂ ತಾಯಿ ಕಡೆ ತಿರುಗಿದೆವು. ಅಷ್ಟರಲ್ಲಿ ಬಾಗಿಲು ಹಾಕಿದ್ದ ಕೋಣೆಯೊಳಗೆ ಆ ನಾತ ಬಂತು. ಕೂಸಿನ ಅಳು ನಿಂತಿತು...

ಚಪ್... ಚಪ್... ಚಪ್... ಗುಟುಕ್.

ಮೊರದ ಹತ್ತಿರ ಯಾರೂ ಇರಲಿಲ್ಲ.

ಮಾರನೇ ಬೆಳಗ್ಗೆ ಗುಡ್ಡಪ್ಪ ಮೂರು ತುಂಡುಗಳನ್ನೂ ಕಿತ್ತು ತಂದ. ಒಣಗಿ ಹಗುರವಾಗಿದ್ವು, ಯಾವ ಬಾಟಲಿಯದೋ ಕಾರ್ಕಿನ ಹಾಗೆ. ಮುನಿಯಪ್ಪ ಮೂಸಿ ನೋಡಿ ಚರಂಡಿಗೆ ಎಸೆದ. "ಇದ್ರಾಗೆ ಯಾರೂ ಇಲ್ಲ" ಅಂದ.

ಆ ಕೂಸು ಯಲ್ಲಕ್ಕನ ಎದೆಗೆ ಬಾಯಿ ಇಡಲೇ ಇಲ್ಲ. ಹತ್ತಿರ ಹಿಡಿದರೆ ಮುಖ ತಿರುಗಿಸೋದು, ಓಕರಿಸೋದು... ಹೆತ್ತ ತಾಯಿಯನ್ನ ಕಂಡು ಓಕರಿಸೋದು! ಅವಳು ಕಟ್ಟಿಕೊಂಡ ಎದೆ ಹಿಂಡಿ ಹಿಂಡಿ ಗೋಡೆ ಬುಡಕ್ಕೆ ಹಾಲು ಚೆಲ್ಲಿ ಅಳೋಳು. "ಇದಾದ್ರೂ ಉಳೀತೈತಾ" ಅಂತ ಕೇಳೋದನ್ನ ಬಿಟ್ಟಳು. ಯಾಕಂದ್ರೆ ಕೂಸು ದುಂಡದುಂಡಗೆ ಬೆಳೀತಿತ್ತು. ಹಸುವಿನ ಹಾಲಿಲ್ಲ, ಸಕ್ಕರೆ ನೀರಿಲ್ಲ. ರಾಗಿ ಸರಿ ತಿನ್ನಿಸೋ ತನಕ, ಐದು ತಿಂಗಳು ಹಾಗೇ.

ಗುಡ್ಡಪ್ಪ ಅವತ್ತಿಂದ ಸ್ಪ್ಯಾನರ್ ಮುಟ್ಟಲಿಲ್ಲ. ಶೆಡ್ಡಿಗೆ ಬೀಗ. ಸೋಪು ಹಾಕಿ ಹಾಕಿ ಅವನ ಕೈ ಸಿಪ್ಪೆ ಸುಲಿದಿತ್ತು, ಉಗುರು ಬೆಳ್ಳಗಾಗಿದ್ವು. ಮನೆಯಲ್ಲಿ ಒಂದು ತೊಟ್ಟು ಗಾಡಿ ಎಣ್ಣೆ ಇರಲಿಲ್ಲ. ನಾನೇ ಮೂಲೆ ಮೂಲೆ ಹುಡುಕಿದ್ದೆ.

ನಂಬದವರು ಯಲ್ಲಕ್ಕನ ಟ್ರಂಕು ತೆಗೆಸಿ ನೋಡಿ. ನನ್ನ ಹಳೇ ಬಿಳೀ ಸೀರೆಯ ತುಂಡು ಒಂದು ಮಡಚಿಟ್ಟಿದ್ದಾಳೆ. ದಿನಾ ಬೆಳಗ್ಗೆ ಕೂಸಿನ ಬಾಯಿ ಒರೆಸ್ತಿದ್ದ ಬಟ್ಟೆ ಅದು, ನಾನೇ ಒರೆಸ್ತಿದ್ದೆ, ಈ ಕೈಯಲ್ಲೇ. ಅದರ ಮೇಲೆ ಸಣ್ಣ ಸಣ್ಣ ತುಟಿಯ ಗುರುತು ಇದೆ. ಎಷ್ಟು ಒಗೆದರೂ ಹೋಗಲಿಲ್ಲ... ಕರೀ ಎಣ್ಣೆಯದು.