ಪಂಚಶೀಲಾಗ ಯಾವ ಔಷಧಿ

ಹಲೋ... ಹಲೋ, ಯಾರ್ರಿ ಮಾತಾಡೋದು? ಮೆಹನಾಜ ಡಾಕ್ಟರ್ ಏನ್ರಿ?

...

ಹಾಂ, ನಾನ್ರಿ, ಶಹಾಪುರದ ಬಾಲಮ್ಮ. ಪಂಚಶೀಲಾನ ಅವ್ವ. ನಾಡಿದ್ದು ಯಾದಗಿರ್ಯಾಗ ನಿಮ್ಮ ದವಾಖಾನ್ಯಾಗ ಅಕಿದು ಆಪರೇಷನ್ ಅದಲ್ರಿ.

...

ಇಲ್ರಿ, ಜ್ವರಾ ಗಿರಾ ಏನಿಲ್ಲ. ಸುರಪುರಕ್ಕ ಹೋಗ್ಯಾಳ, ತಾ ಕಲಸೋ ಸಾಲಿಗಿ ರಜಾ ಚೀಟಿ ಕೊಡಾಕ. ಅಕಿ ಬರೋದ್ರೊಳಗ ಒಂದು ಮಾತು ಕೇಳಬೇಕಿತ್ರಿ. ತಡೀರಿ, ಹೆಂಚಿನ ಮ್ಯಾಲ ರೊಟ್ಟಿ ಅದ, ಹೊಳ್ಳಿಸಿ ಹಾಕ್ತೀನಿ... ಹಾಂ.

...

ನೀವು ಕೆಳಗಿನ ಮೈ ಜೋಮ ಹಿಡಸಾಕ ಸೊಂಟದಾಗ ಇಂಜೆಕ್ಷನ್ ಚುಚ್ಚತೀರಲ್ರಿ, ಅದರಾಗ ಇನ್ನೊಂದು ಔಷಧಿ ಕೂಡಸ್ತೀರಂತ. ಎರಡು ನಮೂನಿ ಅದಾವಂತ. ಯಾವುದು ಭಾಳ ಹೊತ್ತು ನೋವು ತಡೀತದಂತ ನಿಮ್ಮ ಓದಿಗಿ ಬರಕೊಳ್ಳಾಕತ್ತೀರಂತ. ಹೌದಲ್ರಿ?

...

ಯಾರಂದ್ರ, ನಮ್ಮ ಓಣಿ ಸವಿತಾ. ಹೋದ ತಿಂಗಳ ನಿಮ್ಮಲ್ಲೇ ಮಾಡಿಸ್ಕೊಂಡ್ಳಲ್ರಿ. ಮಂಪರ ಬಂದು ಮಲಗಿಬಿಟ್ಟಿದ್ನಿ, ಏನೂ ಗೊತ್ತಾಗಲಿಲ್ಲ ಅಂದ್ಳು. ಅದೇ ವಾರ ನಿಮ್ಮಲ್ಲೇ ಮಾಡಿಸ್ಕೊಂಡ ಹಜರಾಬೀಗ ಮಾತ್ರ ಒಂದೀಟೂ ನಿದ್ದಿ ಇಲ್ಲ. ಮೂಗು ತುರಿಸಿಕೊಂಡೇ ಸಾಕಾತು, ಡಾಕ್ಟರು ತಮ್ಮ ಸೊಸಿ ಬಗ್ಗೆ ಮಾತಾಡಿದ್ದೆಲ್ಲಾ ಕೇಳೀನಿ ಅಂತ ಓಣಿ ತುಂಬ ಹೇಳ್ಕೊಂತ ಅಡ್ಡಾಡ್ಯಾಳ.

...

ನಗಬ್ಯಾಡ್ರಿ. ನನ್ನ ಮಗಳಿಗಿ ಸವಿತಾಗ ಹಾಕಿದ್ದೇ ಹಾಕ್ರಿ.

...

ಪಾಕೀಟ? ಯಾವ ಪಾಕೀಟ್ರಿ?... ಹಾಂ. ಮುಚ್ಚಿದ ಪಾಕೀಟ ಒಡದ್ರ ಅದರಾಗ ಯಾವ ಔಷಧಿ ಬರದಿರ್ತದೋ ಅದೇ ಹಾಕೋದು. ನಿಮಗೂ ಗೊತ್ತಿರಂಗಿಲ್ಲಾ? ಚುಚ್ಚೋರು ನೀವೇ ಅಲ್ಲೇನ್ರಿ?... ಬ್ಯಾರೆ ಡಾಕ್ಟರ್ ಕೂಡಿಸಿ ಕೊಡ್ತಾರ. ಹಾಂ.

...

ಯಾಕಂದ್ರ... ಅಕಿಗಿ ಗೊತ್ತಿಲ್ರಿ. ಗರ್ಭಚೀಲದಾಗಿನ ಗಡ್ಡಿ ಅಷ್ಟೇ ತೆಗೀತಾರ ಅಂತ ಹೇಳೀನಿ. ರಕ್ತ ಹೋಗೋದು ನಿಲ್ಲವಲ್ದು, ಚೀಲನೇ ತೆಗೀಬೇಕಂತ ದೊಡ್ಡ ಡಾಕ್ಟರ್ ನನಗೂ ಅಳಿಯಗೂ ಹೇಳಿದ್ರಲ್ರಿ, ಅದನ್ನ ಹೇಳಿಲ್ಲ. ಇಪ್ಪತ್ತೊಂಬತ್ತು ವರ್ಷ ರಿ ಅಕಿಗಿ. ಎರಡು ಕೂಸು ಹೊಟ್ಯಾಗೇ ಹೋದ್ವು. ಮೂರನೇದು ನಿಂದ್ರ್ತದಂತ ನಂಬ್ಯಾಳ. ಎಚ್ಚರ ಇದ್ದು ನಿಮ್ಮ ಮಾತು ಕಿವಿಗಿ ಬಿದ್ರ? ಅಷ್ಟೊತ್ತು ಮಲಗಿರ್ಲಿ ಅಕಿ. ಆಮ್ಯಾಲ ನಾ ಹೇಳ್ತೀನಿ.

...

ಏನಂದ್ರಿ?

...

ಸೋಮವಾರ? ಅಕಿನೇ ಸಹಿ ಮಾಡ್ಯಾಳಾ?... ಆಪರೇಷನ್ನಿಂದು, ನಿಮ್ಮ ಓದಿಂದು, ಎರಡೂ ಕಾಗದಕ್ಕಾ? ಅಂದ್ರ ಚೀಲ ತೆಗೀತಾರಂತ ಅಕಿಗಿ...

...

ನಮ್ಮವ್ವಗ ಹೇಳಬ್ಯಾಡ್ರಿ, ಬಿಪಿ ಅದ ಅಂದ್ಳಾ?... ಯವ್ವಾ. ನಿನ್ನೆ ನನ್ನ ಎದುರಿಗೇ ಕುಂತು, ಗಡ್ಡಿ ತೆಗದ್ರ ಎಲ್ಲಾ ಸರಿ ಆಗ್ತದ ಬಿಡವ್ವಾ ಅಂದ್ಳಲ್ರಿ. ಉಣ್ಣು ಉಣ್ಣು ಅಂತ ನನಗೇ ಒಂದು ರೊಟ್ಟಿ ಜಾಸ್ತಿ ನೀಡಿದ್ಳು.

...

ಇಲ್ರಿ, ಅದೀನಿ. ಕೇಳಾಕತ್ತೇನಿ. ರೊಟ್ಟಿ ಸೀದು ಹೋತು, ಇರ್ಲಿ ಬಿಡ್ರಿ.

...

ಎಚ್ಚರ ಇರೋದೇ ಬೇಕಂದ್ಳಾ? ಯಾಕಂತ?

...

ಈ ಸಲ ನಾ ಅಲ್ಲಿ ಇರಬೇಕು ಅಂದ್ಳಾ... ಹೌದ್ರಿ. ಎರಡು ಸಲಾನೂ ಪೂರಾ ಮಲಗಿಸೇ ಕೂಸು ತೆಗದಿದ್ರು. ಅಕಿಗಿ ಎಚ್ಚರ ಆಗೂದ್ರೊಳಗ ನಾವೇ ಒಯ್ದು ಮಣ್ಣು ಮಾಡಿ ಬಂದಿದ್ವಿ. ಮಾರಿ ಸುದ್ದಾ ತೋರಸಲಿಲ್ಲ. ನಾನೇ ಬ್ಯಾಡ ಅಂದಿದ್ನಿ. ನೋಡಿದ್ರ ತಡಕೊಳ್ಳಂಗಿಲ್ಲ ಅಂತ, ನಾನೇ.

...

ಅಲ್ರಿ, ಆ ಪಾಕೀಟಿನ್ಯಾಗ ಮಂಪರಿಂದೇ ಬಂದ್ರ?... ಹೆಸರು ವಾಪಸ್ ತಗೋಬಹುದಾ? ನಿಮ್ಮ ಓದಿಗಿ ತೊಂದ್ರಿ ಆಗಂಗಿಲ್ಲಾ?... ಅಕಿನೇ ಹೇಳಬೇಕು. ಹಾಂ. ನನ್ನ ಮಾತು ನಡಿಯಂಗಿಲ್ಲ. ಚೊಲೋ ಆತ್ರಿ. ನಡೀಲೇಬಾರದು.

...

ನಾ ಕೇಳಿದ್ದು ಬಿಟ್ಟುಬಿಡ್ರಿ. ಅಕಿ ಬಂದ ಮ್ಯಾಲ ಕುಂದರಿಸಿಕೊಂಡು ಮಾತಾಡ್ತೀನಿ. ಏನಂತ ಸುರು ಮಾಡ್ಲಿ, ಅದೇ ತಿಳಿವಲ್ದು.

...

ಮತ್ತೊಂದ್ರಿ. ನೀವು ಅಕಿ ತಲಿ ಕಡೆ ನಿಂತಿರ್ತೀರಲ್ರಿ? ಚೀಲ ತೆಗದಾತೇನ್ರಿ ಅಂತ ಅಕಿ ಕೇಳಿದ್ರ, ಇನ್ನೂ ಇಲ್ಲ ಅಂತ ಸುಳ್ಳು ಹೇಳಬ್ಯಾಡ್ರಿ. ಆತವ್ವಾ ಅಂತನೇ ಹೇಳ್ರಿ. ಹೇಳಿ, ಕೈಯೊಂದು... ಹಲೋ? ಅಕಿ ಕೈಯೊಂದು ಹಿಡ್ಕೋರಿ. ಮೆಹನಾಜವ್ವಾ, ಕೇಳಸ್ತದೇನ್ರಿ? ಹಲೋ...