ವರ್ನಾಳ ಗಂಡನ ಗಾಲಿಕುರ್ಚಿ ನಿಂತದ್ದು

ಡುಲುತ್ ಊರಿನ ಬಸ್ ತಂಗುದಾಣದಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ವರ್ನಾ ನಮ್ಮ ಚರ್ಚಿನವಳು. ನಡೆಯಲಾಗದ ಅವಳ ಗಂಡ ರಸೆಲ್ ಪ್ರಾರ್ಥನೆಗೆ ಬ್ಯಾಟರಿ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಇನ್ನೊಬ್ಬ ಹಾಲ್ವರ್, ರೇಡಿಯೊ ರಿಪೇರಿಯ ಮುದುಕ.

"ಹಾಲ್ವರ್, ಶುಕ್ರವಾರ ನಿಮ್ಮನ್ನ ಮನಸ್ಸಲ್ಲೇ ಚೆನ್ನಾಗಿ ಬೈದೆ."

"ನನ್ನ ಹೆಂಡ್ತಿ ದಿನಾ ಬೈತಾಳೆ. ನೀವ್ಯಾಕೆ?"

"ದೊಡ್ಡ ಮೋಟಾರ್ ಹಾಕಿಸಿದ್ಮೇಲೂ ಕುರ್ಚಿ ನಮ್ಮ ಮನೆ ಹತ್ರದ ಏರಲ್ಲಿ ನಿಂತುಬಿಡ್ತಿತ್ತಲ್ಲ, ನೀವು ಮೋಟಾರ್ ನಡೆಸೋ ಬೋರ್ಡ್ ಸರಿಮಾಡಿದ್ರಿ. ಆದ್ರೂ ಶುಕ್ರವಾರ ಮತ್ತೆ ನಿಂತಿತು!"

"ಏರಲ್ಲೇ?"

"ಇಲ್ಲ, ಏರು ಸಲೀಸಾಗಿ ಹತ್ತಿತ್ತು. ಬಗ್ಗಿ ನೋಡಿದ್ರೆ ಚಕ್ರ ಚರಂಡಿ ಜಾಲರಿಗೆ ಸಿಕ್ಕಿ, ಮಂಜುಗಡ್ಡೆಲಿ ಬಿಗಿದುಕೊಂಡಿತ್ತು."

ಹಾಲ್ವರ್ ತಲೆದೂಗಿದ.

"ಬೋರ್ಡಲ್ಲಿ ಕರೆಂಟ್ ಅಳೆಯೋ ರೆಸಿಸ್ಟರ್ ಹಳೇ ಸಣ್ಣ ಮೋಟಾರಿಗೆ ತಕ್ಕದ್ದಿತ್ತು. ದೊಡ್ಡ ಮೋಟಾರ್ ಏರಲ್ಲಿ ಹೆಚ್ಚು ಕರೆಂಟ್ ಎಳೆದ್ರೆ, ಬೋರ್ಡ್ ಅಪಾಯ ಅಂತ ಹೆದರಿ ನಿಲ್ಲಿಸ್ತಿತ್ತು. ಕರೆಂಟನ್ನ ಕಮ್ಮಿ ತಡೆಯೋ ರೆಸಿಸ್ಟರ್ ಹಾಕಿ, ಪ್ರೋಗ್ರಾಮಲ್ಲೂ ಲೆಕ್ಕ ತಿದ್ದಿದೆ. ಈಗ ಕರೆಂಟ್ ನಿಜವಾಗಿ ಅತಿಯಾದ್ರೆ ಮಾತ್ರ ನಿಲ್ಲುತ್ತೆ."

"ನನ್ನ ತಮ್ಮ, ಆ ರೆಸಿಸ್ಟರ್ ಜಾಗದಲ್ಲಿ ಒಂದು ತಂತಿ ಬೆಸೆದುಬಿಟ್ರೆ ಎಂದೂ ನಿಲ್ಲಲ್ಲ ಅಂದಿದ್ದ. ನಾನೂ ಹಾಗೇ ಮಾಡಿ ಅಂದೆ."

"ಎರಡು ಸಲ ಅಂದ್ರಿ."

"ಮಾಡಿದ್ದಿದ್ರೆ?"

"ಚಕ್ರ ತಿರುಗದೆ ಸಿಕ್ಕಿಬಿದ್ದ ಮೋಟಾರ್ ಕಾದು ಸೀಟಿನ ಕೆಳಗೇ ಹೊತ್ತಿಕೊಳ್ಳಬಹುದಿತ್ತು."

"ನಮ್ಮ ಯಜಮಾನ್ರಿಗೆ ಎದ್ದು ಇಳಿಯೋಕೂ ಆಗಲ್ಲ."

ಬಸ್ ಬಂತು. ವರ್ನಾ ಕೈಗವಸು ಕಳಚಿ ಅವನ ಕೈ ಹಿಡಿದಳು.

"ಏರು ಹತ್ತಿಸಿದ್ದಕ್ಕೆ ಆವತ್ತೇ ಕೈಮುಗಿದೆ. ನಿಲ್ಲಿಸಿದ್ದಕ್ಕೆ ಇವತ್ತು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

"ಹತ್ತಿ ತಾಯಿ, ಈ ಬಸ್ಸು ನಿಮಗೋಸ್ಕರ ನಿಲ್ಲಲ್ಲ," ಎಂದ ಹಾಲ್ವರ್. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಹಿಡಿದು ಅವಳನ್ನು ಮೆಟ್ಟಿಲು ಹತ್ತಿಸಿದ.